ನಲವತ್ತೊಂಬತ್ತನೆಯ ಕುರಿ

ಕಲಬುರಗಿಯಿಂದ ಹುಮನಾಬಾದಿನ ಬಸ್ಸು ಮಧ್ಯಾಹ್ನ ಎರಡೂವರೆಗೆ ಬಿಟ್ಟಿತು. ನನ್ನ ಟಿಕೆಟ್ಟಿಗೆ ಎಂಬತ್ತು ರೂಪಾಯಿ ಆಯಿತು, ಪಕ್ಕದಲ್ಲಿ ಕೂತ ಶೈಲಾಳ ಟಿಕೆಟ್ಟಿನ ಮೇಲೆ ಸೊನ್ನೆ ಎಂದಿತ್ತು. ಅವಳು ಅದನ್ನು ನನ್ನ ಮುಖದ ಮುಂದೆ ಹಿಡಿದು ನಕ್ಕಳು. ಮೂವತ್ತೊಂದು ವರ್ಷ ರಾಣೆಬೆನ್ನೂರಿನ ಸುತ್ತಮುತ್ತ ಕಂಡಕ್ಟರ್ ಆಗಿ ಟಿಕೆಟ್ ಹರಿದ ನನಗೆ ದುಡ್ಡು ಕೊಟ್ಟು ಬಸ್ಸಿನಲ್ಲಿ ಕೂರುವುದೆಂದರೆ ಇಂದಿಗೂ ಸ್ವಲ್ಪ ಅವಮಾನವೇ. ನಿವೃತ್ತನಾಗಿ ಎರಡು ವರ್ಷವಾದರೂ ಆ ಕೆಲಸದ ಎರಡು ಚಟಗಳು ನನ್ನನ್ನು ಬಿಟ್ಟಿಲ್ಲ. ನಾಲ್ಕು ಜನ ಸೇರಿದಲ್ಲಿ ಕಣ್ಣು ತಾನಾಗಿ ತಲೆ ಎಣಿಸುತ್ತದೆ. ಬೆನ್ನಿಗೆ ಯಾವುದಾದರೂ ಆಸರೆ ಸಿಕ್ಕಿತೋ, ನಿದ್ದೆ ಬಂದುಬಿಡುತ್ತದೆ. ಆ ದಿನವೂ ಬಸ್ಸು ಊರು ದಾಟುವಷ್ಟರಲ್ಲಿ ಐವತ್ತೆರಡು ಜನ ಎಂದು ಲೆಕ್ಕ ಮುಗಿಸಿ ಕಣ್ಣು ಮುಚ್ಚಿದೆ.

ಶೈಲಾ ನನ್ನ ತಂಗಿಯ ಮಗಳು, ಪಶುವೈದ್ಯೆ. ಕಾಡುಪ್ರಾಣಿಗಳಿಗೆ ದೂರದಿಂದ ಮಂಪರು ಮದ್ದಿನ ಸೂಜಿ ಹಾರಿಸಲು ಕಲಿತವರು ಆ ಕಡೆ ಕಡಿಮೆ. ಹಾಗಾಗಿ ಅರಣ್ಯ ಇಲಾಖೆಯವರು ಅವಳನ್ನು ಕರೆಸಿದ್ದರು. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ಬಯಲಿನಲ್ಲಿ ಒಂದು ಗಂಡು ಕೃಷ್ಣಮೃಗದ ಕೊರಳಿಗೆ ತಂತಿಯ ಉರುಲು ಬಿದ್ದಿತ್ತು. ಹಂದಿ ಕಾಟಕ್ಕೆ ಯಾರೋ ಹೊಲದ ಅಂಚಿನಲ್ಲಿ ಒಡ್ಡಿದ ಬೈಕಿನ ಕ್ಲಚ್ ವೈರು ಅದು. ಪ್ರಾಣಿ ಕಿತ್ತುಕೊಂಡು ಓಡಿತ್ತು, ಆದರೆ ತಂತಿ ಕೊರಳಲ್ಲೇ ಉಳಿದು ದಿನದಿನಕ್ಕೆ ಮಾಂಸದೊಳಗೆ ಇಳಿಯುತ್ತಿತ್ತು. ಅದನ್ನು ಮಲಗಿಸಿ ತಂತಿ ಕತ್ತರಿಸಬೇಕು, ಇಲ್ಲದಿದ್ದರೆ ಹೆಚ್ಚೆಂದರೆ ಇನ್ನೊಂದು ವಾರ ಬದುಕೀತು ಎಂದು ಶೈಲಾ ಹೇಳಿದಳು.

ಬಂದೂಕು ಇಲಾಖೆಯ ಜೀಪಿನಲ್ಲಿ ಮೊದಲೇ ಹೋಗಿತ್ತು. ಮದ್ದಿನ ಪೆಟ್ಟಿಗೆಯನ್ನು ಮಾತ್ರ ಅವಳು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಸಹಾಯಕ ಮನೆಯಲ್ಲಿ ಮದುವೆಯೆಂದು ರಜೆ ಹಾಕಿದ್ದ. ಅವಳ ಮನೆಗೆ ನಾಲ್ಕು ದಿನ ಇರಲು ಬಂದಿದ್ದ ನನ್ನನ್ನು, "ಮಾಮಾ, ನಿಮಗ ಹೆಂಗೂ ಬಸವಕಲ್ಯಾಣ ನೋಡೋದೈತಿ, ಪೆಟಿಗಿ ಹಿಡಕೊಂಡು ನಡೀರಿ" ಎಂದು ಎಬ್ಬಿಸಿ ಕರೆತಂದಿದ್ದಳು. ಬಸವಕಲ್ಯಾಣ ಎಂಬ ಬೋರ್ಡನ್ನು ಎಷ್ಟೋ ಬಸ್ಸುಗಳ ಹಣೆಯ ಮೇಲೆ ಓದಿದ್ದೆ. ಒಮ್ಮೆಯೂ ಹತ್ತಿರಲಿಲ್ಲ.

ಹಾದಿಯುದ್ದಕ್ಕೂ ಕಟಾವಿಗೆ ಬಂದ ತೊಗರಿ ಹೊಲಗಳು. ನನಗೆ ಎಚ್ಚರವಾದಾಗ ಶೈಲಾ ಕಿಟಕಿಯ ಹೊರಗೆ ನೋಡುತ್ತ, ಕೇಳದೆಯೇ ಒಂದು ವಿಷಯ ಹೇಳಿದಳು. ಹಿಂದಿನ ವರ್ಷ ಬೇರೊಂದು ಕಡೆ ಇಂಥದೇ ಒಂದು ಪ್ರಾಣಿಗೆ ಅವಳು ಸೂಜಿ ಹಾರಿಸಿದ್ದಳು. ಸೂಜಿ ಬಿದ್ದ ಮೇಲೆ ಅದು ಓಡಿ ಎಲ್ಲೋ ಬಿತ್ತು. ಹುಡುಕಲು ನಲವತ್ತು ನಿಮಿಷ ಹಿಡಿಯಿತು. "ಎಚ್ಚರ ಮಾಡೋ ಮದ್ದು ಕೊಟ್ಟೆ, ಎದ್ದು ಓಡಿತು. ನಾವೆಲ್ಲಾ ಚಪ್ಪಾಳಿ ಹೊಡದ್ವಿ. ಮರುದಿನ ಮುಂಜಾನೆ ಸತ್ತು ಬಿದ್ದಿತ್ತು. ಬಹಳ ಹೊತ್ತು ಬಿದ್ದಿದ್ದಕ್ಕ ಮೈ ಕಾದು ಒಳಗ ಸುಟ್ಟಿತ್ತು ಮಾಮಾ. ಇದೂ ಹಂಗ ಆದ್ರ ನಾ ಮತ್ತ ಬಂದೂಕ ಮುಟ್ಟಂಗಿಲ್ಲ."

ನಾನು ಪೆಟ್ಟಿಗೆಯನ್ನು ನನ್ನ ತೊಡೆಗೆ ತೆಗೆದುಕೊಂಡೆ.

ಹುಮನಾಬಾದಿನಲ್ಲಿ ನಾಲ್ಕೂವರೆಗೆ ಇಳಿದೆವು. ಹೆದ್ದಾರಿಯ ಊರು, ಲಾರಿಗಳ ಸದ್ದಿಗೆ ಜನ ಗಂಟಲು ಏರಿಸಿಯೇ ಮಾತಾಡುತ್ತಾರೆ. ಅಡತಿ ಅಂಗಡಿಗಳ ಮುಂದೆ ಹೊಸ ತೊಗರಿಯ ಚೀಲಗಳು ಒಟ್ಟಿದ್ದವು, ಗಾಳಿ ತಿರುಗಿದಾಗ ಕಾರ್ಖಾನೆಗಳ ಕಡೆಯಿಂದ ಔಷಧದಂಥ ವಾಸನೆ ಬರುತ್ತಿತ್ತು. ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ, ಮೆಣಸಿನಕಾಯಿ ಭಜಿ ತಿಂದು ಚಹಾ ಕುಡಿದೆವು. ಅಲ್ಲಿಗೆ ಜೀಪು ತಂದ ಅರಣ್ಯ ಗಾರ್ಡ್ ಕಾಶಿನಾಥ, "ಮೊದಲ ಹುಡಗಿಗಿ ಹೋಗಿ ತುಕಾರಾಮಗ ಹೇಳಿ ಬರೋಣ್ರಿ. ಅಂವ ಇಲ್ಲಾಂದ್ರ ನಮ್ಮ ಕೆಲಸ ಆಗಂಗಿಲ್ಲ" ಎಂದ.

ಹುಡಗಿ ಎಂಬುದು ಪಕ್ಕದ ಹಳ್ಳಿ. ತುಕಾರಾಮ ಅಲ್ಲಿನ ಕೂಲಿಕಾರ, ಅರವತ್ತರ ಮೇಲೆ ವಯಸ್ಸು. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನೆಲದ ಮೇಲೆ ಅವನು ಕಾಲು ಚಾಚಿ ಕೂತಿದ್ದ. ಸುತ್ತಲ ಊರುಗಳಲ್ಲಿ ಎಮ್ಮೆ, ಎತ್ತು ತಪ್ಪಿಸಿಕೊಂಡರೆ ಜನ ಬಂದು ಅವನನ್ನೇ ಕರೆಯುತ್ತಾರಂತೆ. ಅವನ ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಭಜಿ ತಿಂದ ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಎರಡು ರೊಟ್ಟಿ ಇಳಿದವು.

ಇದೆಲ್ಲ ಹೇಗೆ ಕಂಡುಹಿಡಿಯುತ್ತೀರಿ ಎಂದು ಕೇಳಿದೆ. "ಎಮ್ಮಿ ಹುಡುಕಾಕ ಹೋದೋರು ಎಮ್ಮಿ ನೋಡ್ತಾರ್ರಿ," ಅಂದ ತುಕಾರಾಮ. "ಎಮ್ಮಿ ಕಾಣ್ತಿದ್ರ ಹುಡುಕೋದ್ಯಾಕ? ನಾ ನೆಲ ನೋಡ್ತೀನಿ. ನೆಲ ಸುಳ್ಳ ಹೇಳಂಗಿಲ್ಲ. ಜರಾ ಸಬೂರ ಬೇಕು, ಅಷ್ಟೇ."

ಶೈಲಾ ಅವನನ್ನೇ ನೋಡುತ್ತಿದ್ದಳು. "ಕಾಕಾ, ಸೂಜಿ ಬಿದ್ದ ಮ್ಯಾಲ ಅರ್ಧ ತಾಸಿನೊಳಗ ನನಗ ಅದು ಸಿಗಬೇಕು" ಎಂದಳು. ಅವನು ಬಾಗಿಲ ಹೊರಗೆ ಆಕಾಶ ನೋಡಿದ. "ಮಂಜ ಬಿದ್ದಿದ್ರ ಸಿಗತದವ್ವಾ. ಕಡಲಿ ಹೊಲದಾಗ ಮಂಜ ಎಲ್ಲಾ ಬರದ ಇಡತದ" ಎಂದ.

ಮರುದಿನ ಬೆಳಗಿನ ಐದಕ್ಕೆ ಹುಮನಾಬಾದಿನ ಲಾಡ್ಜಿನಿಂದ ನಮ್ಮನ್ನೂ ಹುಡಗಿಯಿಂದ ತುಕಾರಾಮನನ್ನೂ ಹತ್ತಿಸಿಕೊಂಡು ಜೀಪು ಹೊರಟಿತು. ಹೆದ್ದಾರಿ ಬಿಟ್ಟು ಬಸವಕಲ್ಯಾಣದ ರಸ್ತೆಗೆ ತಿರುಗಿದ ಮೇಲೆ ಒಂದು ಬಯಲು ಸಿಗುತ್ತದೆ. ಒಂದು ಕಡೆ ಗರಸು ತುಂಬಿದ ಕೆಂಪು ಮೊರಂ ನೆಲ, ಇನ್ನೊಂದು ಕಡೆ ಕಡಲೆಯ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ನಾವು ಇಳಿದಾಗ ಮಂಜು ಸೊಂಟಮಟ್ಟಕ್ಕೆ ನಿಂತಿತ್ತು. ಮರಗಳಿಗೆ ಬುಡ ಇರಲಿಲ್ಲ. ತಲೆಗಳು ಮಾತ್ರ ತೇಲುತ್ತಿದ್ದವು. ನಡೆಯುತ್ತಿದ್ದ ಶೈಲಾಳಿಗೂ ಸೊಂಟದ ಕೆಳಗೆ ಏನೂ ಇರಲಿಲ್ಲ. ಸದ್ದೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತೆ ಮೆತ್ತಗಾಗಿತ್ತು. ನಾನು ಎದ್ದಿದ್ದೇನೋ ಇಲ್ಲ ಇನ್ನೂ ಲಾಡ್ಜಿನ ಹಾಸಿಗೆಯಲ್ಲಿದ್ದೇನೋ ಎಂದು ನಿಜವಾಗಿಯೂ ಅನುಮಾನ ಬಂತು.

ಬೆಳಕು ಹರಿದಂತೆ ಚಿಗರಿಗಳು ಕಂಡವು. ಆ ಕಡೆಯ ಜನ ಕೃಷ್ಣಮೃಗಕ್ಕೂ ಚಿಗರಿ ಎಂದೇ ಅನ್ನುತ್ತಾರೆ. ಮಂಜಿನ ಮೇಲೆ ಬರೀ ಕಿವಿಗಳು, ಕೋಡುಗಳು. ನಾನು ಎಣಿಸಿದೆ: ಹದಿನಾಲ್ಕು. ಹದಿಮೂರು ಕಂದು, ಒಂದು ಕಪ್ಪು. ಕಪ್ಪಿನದು ತಲೆಯನ್ನು ಒಂದು ಕಡೆಗೆ ಓರೆಯಾಗಿ ಹಿಡಿದು ನಿಂತಿತ್ತು. ಮೇಯಲು ಬಾಗಿದರೆ ಅರ್ಧಕ್ಕೇ ನಿಲ್ಲಿಸಿ ಮತ್ತೆ ಎತ್ತುತ್ತಿತ್ತು. ಅಷ್ಟು ಚೆಂದದ ಪ್ರಾಣಿ ಒಂದು ತುತ್ತು ಹುಲ್ಲಿಗೆ ಅಷ್ಟು ಕಷ್ಟಪಡುತ್ತಿತ್ತು.

ಕಡಲೆ ಹೊಲದಲ್ಲಿ ಹಕ್ಕಿ ಕಾಯಲು ಹಾಕಿದ ಮಂಚಿಗೆ ಇತ್ತು. ಶೈಲಾ ನನ್ನನ್ನು ಅದರ ಮೇಲೆ ಹತ್ತಿಸಿದಳು. "ಮಾಮಾ, ಮಂಜಿನ್ಯಾಗ ಕೆಳಗಿನವ್ರಿಗೆ ಏನೂ ಕಾಣಂಗಿಲ್ಲ. ನಿಮಗ ಮ್ಯಾಲಿಂದ ಕಾಣತೈತಿ. ಸೂಜಿ ಬಿದ್ದ ಮ್ಯಾಲ ಅದು ಯಾವ ಗಿಡದ ಕಡೆ ಹೋಗತೈತಿ, ಅದೊಂದು ನೋಡಿಟ್ಕೊಳ್ರಿ. ಹತ್ತು ನಿಮಿಷ ನಾವ್ಯಾರೂ ಅಲುಗಾಡಂಗಿಲ್ಲ. ಬೆನ್ನು ಹತ್ತಿದ್ರ ಹೆದರಿ ಸಾಯತೈತಿ." ನಾನು ತಲೆಯಾಡಿಸಿದೆ. ಇಡೀ ದಿನಕ್ಕೆ ನನ್ನ ಕೆಲಸ ಅದೊಂದೇ ಆಗಿತ್ತು.

ಆರೂವರೆಯ ಸುಮಾರಿಗೆ 'ಟಪ್' ಎಂದು ಒಂದು ಸದ್ದಾಯಿತು, ಸೋಡಾ ಬಾಟಲಿ ತೆರೆದಂತೆ. ಕಪ್ಪು ಚಿಗರಿ ನೆಟ್ಟಗೆ ಮೇಲಕ್ಕೆ ಹಾರಿತು. ಅದರ ತೊಡೆಯಲ್ಲಿ ಸೂಜಿಯ ಕೆಂಪು ಬಾಲ ಕಂಡಿತು. ಬಿಲ್ಲಿನಂತೆ ಎರಡು ನೆಗೆತ ನೆಗೆದು ಅದು ಒಂಟಿ ಬೇವಿನ ಕಡೆಗೆ ಓಡಿತು. ನಾನು ಮಂಚಿಗೆಯ ಗೂಟಕ್ಕೆ ಬೆನ್ನು ಕೊಟ್ಟು ನೋಡುತ್ತಿದ್ದೆ. ಅದು ಬೇವಿನ ಹತ್ತಿರ ನಿಂತಿತು. ಮಂಜು ನಿಧಾನವಾಗಿ ಮೇಲೇರುತ್ತಿತ್ತು.

ಆಮೇಲೆ ಚಿಗರಿ ನನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತಿತ್ತು. ಎಲ್ಲಿಗೆ ಎಂದು ಕೇಳಿದೆ. ಅದು ಮಾತಾಡಲಿಲ್ಲ. ಒಳಗೆ ನಡೆ, ಜಾಗ ಐತಿ ಎಂದೆ. ಅದು ಜನರ ನಡುವೆ ಹೋಗಿ ಕೂತಿತು, ಯಾರೂ ತಲೆಯೆತ್ತಿ ನೋಡಲಿಲ್ಲ. ಟಿಕೆಟ್ ಲೆಕ್ಕಕ್ಕಿಂತ ತಲೆ ಲೆಕ್ಕ ಒಂದು ಹೆಚ್ಚಾಗುತ್ತಿತ್ತು.

"ಮಾಮಾ, ಎತ್ತಾಗ ಹೋತು?" ಕೆಳಗೆ ಶೈಲಾ ನಿಂತಿದ್ದಳು.

ಕಣ್ಣು ಬಿಟ್ಟೆ. ಬೇವಿನ ಹತ್ತಿರ ಏನೂ ಇರಲಿಲ್ಲ, ಮಂಜು ಏರಿ ಬೇವೂ ಸರಿಯಾಗಿ ಕಾಣುತ್ತಿರಲಿಲ್ಲ. ಇವರ ನಂಬಿಕೆಯನ್ನು ಗೂಟಕ್ಕೆ ಒರಗಿಸಿ ನಾನು ಮಲಗಿಬಿಟ್ಟಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೇವಿನ ಗಿಡದ ತನಕಾ ನೋಡಿದೆ. ಆಮ್ಯಾಲ ನಿದ್ದಿ ಹತ್ತಿತವ್ವಾ" ಎಂದೆ. ಅವಳು ಕೈಗಡಿಯಾರ ನೋಡಿಕೊಂಡು ತಿರುಗಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬೇವಿನವರೆಗೆ ಹೆಜ್ಜೆ ಹಿಡಿಯುವುದು ತುಕಾರಾಮನಿಗೆ ಆಟವಾಗಿತ್ತು. ಕಡಲೆ ಗಿಡಗಳ ಮೇಲೆ ಇಬ್ಬನಿ ಬೂದಿಯಂತೆ ಬಿಳಿಯಾಗಿ ಕೂತಿತ್ತು. ಚಿಗರಿ ಹಾದ ಕಡೆ ಇಬ್ಬನಿ ಉದುರಿ, ಹಸಿರು ಗೆರೆಯೊಂದು ಹೊಲದ ಮೇಲೆ ಎಳೆದಂತೆ ಕಾಣುತ್ತಿತ್ತು. ಕಡಲೆಯ ಇಬ್ಬನಿ ಹುಳಿ. ನಡೆಯುತ್ತ ಬೆರಳು ನೆಕ್ಕಿ ನೋಡಿದೆ, ಹಲ್ಲು ಜುಮ್ಮೆಂದಿತು. ಮೂವರನ್ನೂ ಅವನು ಒಬ್ಬರ ಹಿಂದೆ ಒಬ್ಬರಾಗಿ ಗೆರೆಯ ಎಡಕ್ಕೆ ನಡೆಸಿದ. "ಮ್ಯಾಲ ಕಾಲ ಇಡಬ್ಯಾಡ್ರಿ. ಮತ್ತ ಹಿಂದ ಬಂದು ನೋಡೋದ ಬಿದ್ರ?"

ಬೇವು ದಾಟಿದ ಮೇಲೆ ಗೆರೆ ಓಲಾಡತೊಡಗಿತು. ತುಕಾರಾಮ ಕೂತು ಒಂದು ಹೆಜ್ಜೆಯ ಸುತ್ತ ಬೆರಳಾಡಿಸಿದ. "ಇಲ್ಲಿ ನೋಡ್ರಿ. ಗೊರಸಿನ ತುದಿ ಎಳದಾದ. ಮದ್ದ ಹತ್ತಾಕತ್ತದ. ದೂರ ಹೋಗಿಲ್ಲ." ಶೈಲಾ ಮತ್ತೆ ಗಡಿಯಾರ ನೋಡಿದಳು. ಹದಿನಾರು ನಿಮಿಷ ಆಗಿತ್ತು.

ಹೊಲ ಮುಗಿದು ಮೊರಂ ನೆಲ ಶುರುವಾಯಿತು. ಗಟ್ಟಿ ನೆಲದಲ್ಲಿ ಹೆಜ್ಜೆ ಕೂಡುವುದಿಲ್ಲ. ತುಕಾರಾಮ ಹೊರಳಿದ ಕಲ್ಲುಗಳನ್ನು ನೋಡುತ್ತ ಹೋದ. ಇಬ್ಬನಿಗೆ ಕಲ್ಲಿನ ಬೆನ್ನು ಒದ್ದೆ, ಹೊಟ್ಟೆ ಒಣ; ಹೊರಳಿದರೆ ಒಣ ಹೊಟ್ಟೆ ಮೇಲೆ ಬರುತ್ತದೆ. ಅಂಥ ನಾಲ್ಕು ಕಲ್ಲು ಸಿಕ್ಕವು. ಐದನೆಯದರ ಹತ್ತಿರ ಅವನು ನಿಂತುಬಿಟ್ಟ. ಮುಂದೆ ಮೊರಂ ಮುಗಿದು ಹುಲ್ಲು ಬೆಳೆದ ಮೆತ್ತನೆಯ ನೆಲ, ಅದರ ತುಂಬ ಕುರಿಗಳ ಹೆಜ್ಜೆ. ನೂರಾರು ಸಣ್ಣ ಗೊರಸುಗಳು ಆ ಪಟ್ಟಿಯನ್ನು ಅರೆದು ಹಾಕಿದ್ದವು.

"ಹೋಯ್ತಲ್ರೀ" ಎಂದ ಕಾಶಿನಾಥ. ನನಗೆ ಆ ಮಂಚಿಗೆಯಿಂದ ಬಿದ್ದು ಕಾಲು ಮುರಿದಿದ್ದರೂ ಚೆನ್ನಾಗಿತ್ತು ಅನ್ನಿಸಿತು.

ತುಕಾರಾಮ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಹೆಜ್ಜೆಗಳನ್ನೇ ನೋಡುತ್ತಿದ್ದ. ಕೊನೆಗೆ ಮೂರು ಮಾತು ಕೇಳಿದ. "ಸೂರ್ಯ ಬಂದಾನೇನ್ರಿ?" ಇನ್ನೂ ಇಲ್ಲ ಎಂದೆವು. "ಹುಲ್ಲ ಆರ್ಯದೇನ್ರಿ?" ಇಲ್ಲ. "ಹಂಗಾರ ಕುರಿ ಯಾಕ ಹೊರಗ ಬಂದ್ವು?"

ನಮಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಇಬ್ಬನಿ ಹಸಿಯಿರುವಾಗ ಕುರಿ ಮೇಯಿಸಿದರೆ ಹೊಟ್ಟೆ ಕೆಡುತ್ತದೆ. ಹುಲ್ಲು ಆರುವವರೆಗೆ ಯಾವ ಕುರುಬರೂ ಮಂದೆಯನ್ನು ದೊಡ್ಡಿಯಿಂದ ಬಿಡುವುದಿಲ್ಲ. "ಮೇಯಾಕ ಬಂದ ಕುರಿ ಹರಡಿ ನಡೀತಾವ್ರಿ. ಇವು ಸಾಲ ಹಿಡದು ಬಂದಾವ, ಅದೇ ಸಾಲ ಹಿಡದು ತಿರುಗಿ ಹೋಗ್ಯಾವ. ಒಂದು ಹುಲ್ಲ ಸೈತ ಕಡದಿಲ್ಲ. ಯಾರೋ ಬೇಕಂತ ಹೊಡದಾರ. ಚಿಗರಿ ಹೆಜ್ಜಿ ಅಳಸಾಕ."

ಕುರಿಹೆಜ್ಜೆ ಹಿಡಿದು ದಿಬ್ಬ ಇಳಿದೆವು. ಕೆಳಗೆ ತೊಗರಿ ಕೊಯ್ದ ಹೊಲದಲ್ಲಿ, ಗೂಟಗಳಿಗೆ ನೈಲಾನ್ ಬಲೆ ಕಟ್ಟಿದ ಕುರಿದಡ್ಡಿ ಇತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ಕೂಡಿಸುವುದು ಆ ಕಡೆಯ ರೂಢಿ. ಕರಿಕುರಿಗಳು ಒತ್ತೊತ್ತಾಗಿ ನಿಂತಿದ್ದವು, ಕೆಲವು ಮಲಗಿದ್ದವು, ಅವುಗಳ ಉಸಿರು ಮಂಜಿನಲ್ಲಿ ಬೆರೆಯುತ್ತಿತ್ತು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೋಲು ಹಿಡಿದು ಕೂತಿದ್ದಳು. ಆ ಚಳಿಯಲ್ಲೂ ಅವಳ ಮೈಮೇಲೆ ಕಂಬಳಿ ಇರಲಿಲ್ಲ. ತುಕಾರಾಮನಿಗೆ ಅವಳ ಗುರುತಿತ್ತು. ಹೆಸರು ನಾಗಮ್ಮ, ಹುಲಸೂರ ಕಡೆಯವಳು, ಚಳಿಗಾಲಕ್ಕೆ ಮಂದೆ ತರುತ್ತಾಳೆ.

"ನಾಗಮ್ಮಾ, ಚಿಗರಿ ಬಂತೇನು?" ಎಂದು ಅವನು ಕೇಳಿದ.

"ಯಾವ ಚಿಗರಿನೂ ಕಂಡಿಲ್ಲ ನಾ." ಅವಳ ಕಣ್ಣು ಶೈಲಾಳ ಹೆಗಲ ಮೇಲಿನ ಬಂದೂಕಿನ ಮೇಲೆಯೇ ಇತ್ತು.

ಕಾಶಿನಾಥ ಗಾರ್ಡಿನ ದನಿಯಲ್ಲಿ ಏನೋ ಶುರುಮಾಡಿದ. ಅವಳು ಇನ್ನಷ್ಟು ಬಿಗಿಯಾದಳು. ಅವರ ಜಗ್ಗಾಟದ ನಡುವೆ ನನ್ನ ಕಣ್ಣು ಅದರ ಪಾಡಿಗೆ ತಲೆ ಎಣಿಸತೊಡಗಿತ್ತು. "ಎಷ್ಟು ಕುರಿ ಅದಾವ ತಂಗಿ?" ಎಂದು ಸುಮ್ಮನೆ ಕೇಳಿದೆ.

"ನಲವತ್ತೆಂಟು" ಎಂದಳು, ಇವನಿಗೇಕೆ ಬೇಕು ಎಂಬಂತೆ.

ನನ್ನ ಲೆಕ್ಕಕ್ಕೆ ನಲವತ್ತೊಂಬತ್ತು ಬಂದಿತ್ತು. ಮತ್ತೆ ಎಣಿಸಿದೆ. ಜಾತ್ರೆಯ ಬಸ್ಸಿನಲ್ಲೂ ತಪ್ಪದ ಲೆಕ್ಕ ಅದು. ನಡುವೆ, ಎರಡು ದೊಡ್ಡ ಕುರಿಗಳ ಸಂದಿಯಲ್ಲಿ, ಮಲಗಿದ ಒಂದು ಬೆನ್ನಿಗೆ ಉಣ್ಣೆಯೇ ಇರಲಿಲ್ಲ. ಅದರ ಮುಂದಿನ ಭಾಗದ ಮೇಲೆ ಕರಿ ಕಂಬಳಿ ಹೊದಿಸಿತ್ತು, ಕಂಬಳಿಯೊಳಗೆ ಎರಡು ಕಡೆ ಏನೋ ಚೂಪಾಗಿ ಎತ್ತಿಕೊಂಡಿತ್ತು.

"ಶೈಲಾ, ಟಿಕೀಟಿಲ್ಲದ್ದು ಒಂದು ಒಳಗೈತಿ" ಎಂದು ಬೆರಳು ತೋರಿಸಿದೆ.

ನಾಗಮ್ಮ ಎದ್ದು ಬಾಗಿಲಿಗೆ ಕೋಲು ಅಡ್ಡ ಹಿಡಿದಳು. ಈಗ ಸುಳ್ಳು ಹೇಳಲಿಲ್ಲ. "ಹೌದ್ರಿ, ಅದ. ಗುಂಡಿನ ಸಪ್ಪಳ ಕೇಳ್ದೆ. ಜೋಲಿ ಹೊಡಕೋತ ಬಂದು ನನ್ನ ದಡ್ಡಿ ಮುಂದ ಬಿತ್ತು. ನನ್ನ ಕುರಿ ಸಂಗಾಟ ಮಲಗೈತಂದ್ರ ಅದೂ ನನ್ನ ಕುರೀನೇ. ಹೊಡದು ತಿನ್ನೋರಿಗಿ ನಾ ಹ್ಯಾಂಗ ಕೊಡ್ಲಿ?"

ಆಗ ನಮಗೆ ನಾವು ಹೇಗೆ ಕಾಣುತ್ತಿದ್ದೇವೆಂದು ತಿಳಿಯಿತು. ಮಂಜಿನಿಂದ ಎದ್ದು ಬಂದ ನಾಲ್ವರು, ಒಂದು ಬಂದೂಕು. ಹೆಜ್ಜೆ ಹಿಡಿದು ಬಂದವರು.

ಶೈಲಾ ಬಂದೂಕನ್ನು ನೆಲದ ಮೇಲಿಟ್ಟು ಕಾಲಿನಿಂದ ದೂರ ತಳ್ಳಿದಳು. ಇಪ್ಪತ್ತಾರು ನಿಮಿಷ ಆಗಿತ್ತು. ಆದರೂ ಅವಳು ಅವಸರ ಮಾಡಲಿಲ್ಲ. "ನಾ ಡಾಕ್ಟರು ಅದೀನಿ ಅಕ್ಕಾ. ಅದು ಗುಂಡಲ್ಲ, ಮಲಗಿಸೋ ಮದ್ದು. ನನ್ನ ಮಾತ ನಂಬಬ್ಯಾಡ್ರಿ. ನೀವ ಹೋಗಿ ಅದರ ಕೊರಳಿಗೆ ಕೈ ಹಾಕಿ ನೋಡ್ರಿ."

ನಾಗಮ್ಮ ನಮ್ಮ ಕಡೆ ನೋಡುತ್ತಲೇ ಹಿಂದೆ ಹಿಂದೆ ಸರಿದು, ಕುರಿಗಳ ನಡುವೆ ಕೂತು ಕಂಬಳಿಯ ಕೆಳಗೆ ಕೈ ತೂರಿದಳು. ಕೈ ಒಂದು ಕಡೆ ನಿಂತಿತು. ಹೊರತೆಗೆದಾಗ ಬೆರಳಿಗೆ ಕೀವು ಹತ್ತಿತ್ತು. ಅವಳು ಅದನ್ನು ನೋಡಿದಳು, ಮೂಗಿಗೆ ಹಿಡಿದಳು. "ಅಯ್ಯ ಶಿವನ, ತಂತಿ ಅದ ಒಳಗ" ಎಂದಳು. ಕೋಲು ಕೆಳಗಿಟ್ಟು, "ಬರ್ರಿ ಡಾಕ್ಟರ್ ಬಾಯಿ, ಲಗೂನ ಬರ್ರಿ" ಎಂದು ತಾನೇ ಕುರಿಗಳನ್ನು ಸರಿಸಿದಳು.

ಮುಂದಿನದು ನನಗೆ ಕನಸಿನ ಹಾಗೆಯೇ ನೆನಪಿದೆ, ಚೂರು ಚೂರಾಗಿ. ಶೈಲಾ ಕಂಬಳಿ ಕಿತ್ತೆಸೆದಳು. ಒಳಗೆ ಹೆಂಚಿನಂತೆ ಕಾದ ಮೈ. ಚಿಗರಿಯ ಕಣ್ಣು ಪೂರ್ತಿ ತೆರೆದೇ ಇತ್ತು, ಏನನ್ನೂ ನೋಡುತ್ತಿರಲಿಲ್ಲ. ನಾಗಮ್ಮ ತನ್ನ ಕುಡಿಯುವ ನೀರಿನ ಕೊಡವನ್ನು ಅದರ ಹೊಟ್ಟೆ, ತೊಡೆಗಳ ಮೇಲೆ ಸುರಿದಳು. ತಲೆಯ ವಸ್ತ್ರ ಹರಿದು ಅದರ ಕಣ್ಣಿಗೆ ಕಟ್ಟಿದಳು. ತುಕಾರಾಮ ಕೋಡು ಹಿಡಿದ. ಉಸಿರು ಎಣಿಸುವ ಕೆಲಸ ನನಗೆ ಬಂತು. ಈ ಸಲ ನಾನು ಮೊಣಕಾಲೂರಿ ಕೂತೆ, ಬೆನ್ನಿಗೆ ಏನನ್ನೂ ತಾಗಗೊಡಲಿಲ್ಲ. ಕಟರಿನಿಂದ ತಂತಿ 'ಕಟ್' ಎಂದು ತುಂಡಾದಾಗ ಸುತ್ತಲಿನ ಕುರಿಗಳೆಲ್ಲ ಒಮ್ಮೆಲೇ ತಲೆಯೆತ್ತಿದವು. ಗಾಯ ತೊಳೆದು ಶೈಲಾ ಬೆಳ್ಳಿಬಣ್ಣದ ಮದ್ದು ಸಿಂಪಡಿಸಿದಳು; ಕಪ್ಪು ಕೊರಳ ಸುತ್ತ ಬೆಳ್ಳಿಯ ಪಟ್ಟಿ ಕಟ್ಟಿದಂತಾಯಿತು. ಆಮೇಲೆ ಎಚ್ಚರ ಮಾಡುವ ಸೂಜಿ ಚುಚ್ಚಿದಳು, ಎಲ್ಲರೂ ದೂರ ಸರಿದೆವು.

ಮೂರು ನಿಮಿಷಕ್ಕೆ ಅದು ಕಿವಿ ಅಲುಗಿಸಿತು. ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ಕುರಿಗಳ ನಡುವೆ ಒಂದು ಕ್ಷಣ ತಾನೂ ಕುರಿಯೇ ಎಂಬಂತೆ ನಿಂತು, ಬಲೆಯ ಮೇಲಿಂದ ಹಾರಿ ಮಂಜಿನೊಳಗೆ ಹೋಯಿತು.

ಕಾಶಿನಾಥ ಚಪ್ಪಾಳೆಗೆ ಕೈಯೆತ್ತಿದವನು ಶೈಲಾಳ ಮುಖ ನೋಡಿ ಇಳಿಸಿದ. "ಇದಕ್ಕ ಬದುಕಿತು ಅನ್ನಾಕ ಬರಂಗಿಲ್ಲ. ನಾಳೆ ಮುಂಜಾನೆ ಎದ್ದು ಮೇಯ್ದರ ಆವಾಗ ಅನಬೇಕು" ಎಂದಳು ಅವಳು.

ನಾಗಮ್ಮ ಒದ್ದೆ ಕಂಬಳಿ ಹಿಡಿದು ನಿಂತಿದ್ದಳು. "ಬಾಯಿ, ಖರೇ ಹೇಳ್ರಿ. ನಾ ಹೊಚ್ಚಿದ್ದಕ್ಕ ಅದಕ್ಕ ಮೈ ಕಾಯ್ತೇನು? ಚಳಿಗಿ ನಡಗಾಕತ್ತದ ಅಂತ ಹೊಚ್ಚಿದ್ದೆ."

ಶೈಲಾ ಮುಚ್ಚಿಡಲಿಲ್ಲ. "ಹೌದಕ್ಕಾ, ಕಂಬಳಿ ಹೊಚ್ಚಬಾರದಿತ್ತು. ಆದ್ರ ನೀವು ಅದನ್ನ ಎದಿ ಮ್ಯಾಲ ಕೂಡ್ಸಿ ಎರಡೂ ಕಡೆ ಕುರಿ ಆಸರ ಕೊಟ್ಟಿದ್ರಲ್ಲ, ಅದಕ್ಕ ಹೊಟ್ಟಿ ಉಬ್ಬಲಿಲ್ಲ. ಅಡ್ಡ ಬಿದ್ದಿದ್ರ ನಾ ಬರೂದ್ರಾಗ ಹೋಗತಿತ್ತು."

"ಬ್ಯಾನಿ ಬಿದ್ದ ಕುರಿ ಹಂಗೇ ಕೂಡಸ್ತೀವ್ರಿ ನಾವು" ಎಂದಳು ನಾಗಮ್ಮ. ಕಂಬಳಿ ಹಿಂಡುತ್ತ, "ನಾಳಿಗಿ ಯಾವ ಬಸ್ಸಿಗಿ ಹೋಗ್ತೀರಿ?" ಎಂದು ಕೇಳಿದಳು. ಬಸವಕಲ್ಯಾಣದಿಂದ ಏಳರ ಬಸ್ಸಿಗೆ ಈ ರಸ್ತೆಯಲ್ಲೇ ಬರುತ್ತೇವೆ ಎಂದೆ. ಅವಳು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ಹೋದಳು.

ಜೀಪು ನಮ್ಮನ್ನು ಹತ್ತು ಗಂಟೆಗೆ ಬಸವಕಲ್ಯಾಣದಲ್ಲಿ ಬಿಟ್ಟಿತು. ಊಟ ಮಾಡಿ, ಮಧ್ಯಾಹ್ನ ಕೋಟೆಗೆ ಹೋದೆವು. ಕರಿಕಲ್ಲಿನ ಬಾಗಿಲುಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ; ಒಳಗೆ ತಂಪು, ಪಾರಿವಾಳಗಳ ಗುಟುರು. ಇಷ್ಟು ವರ್ಷ ಬೋರ್ಡಿನ ಮೇಲೆ ಓದಿದ ಊರಿನೊಳಗೆ ನಾನೇ ನಡೆಯುತ್ತಿದ್ದೇನೆ ಎನ್ನುವುದು ನಂಬಿಕೆಯಾಗಲಿಲ್ಲ. ಸಂಜೆ ಕೆರೆಯ ದಂಡೆಯಲ್ಲಿ ಕೂತೆವು. ನೀರಿನಲ್ಲಿ ಮೋಡ ನಿಧಾನವಾಗಿ ಸರಿಯುತ್ತಿತ್ತು. ಶೈಲಾ ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಗಾರ್ಡ್ ಮರುದಿನ ಮಧ್ಯಾಹ್ನ ಬಯಲಿಗೆ ಹೋಗಿ ನೋಡಿ ಫೋನ್ ಮಾಡುವುದು ಎಂದಾಗಿತ್ತು. ಆದರೂ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಮಂಚಿಗಿ ಮ್ಯಾಲ ನಾ ಮಲಗಿದ್ದು..." ಎಂದು ಶುರುಮಾಡಿದೆ.

"ಬಿಡ್ರಿ ಮಾಮಾ. ಕುರಿ ಎಣಿಸಿದವ್ರೂ ನೀವ ಅಲ್ಲೇನ್ರಿ?" ಎಂದಳು. ಅದರಿಂದ ನನಗೆ ಪೂರ್ತಿ ಸಮಾಧಾನವೇನೂ ಆಗಲಿಲ್ಲ. ಚಿಗರಿ ಸತ್ತರೆ ನಾನು ನಿದ್ದೆ ಮಾಡಿದ ಆ ಕೆಲವು ನಿಮಿಷವೂ ಅದರ ಸಾವಿನಲ್ಲಿ ಸೇರಿರುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನ ಏಳರ ಬಸ್ಸಿಗೆ ಹತ್ತಿದೆವು. ಇಪ್ಪತ್ತೆಂಟು ಜನ. ಮಂಜು ಹಿಂದಿನ ದಿನಕ್ಕಿಂತ ತೆಳುವಾಗಿತ್ತು, ಸೂರ್ಯ ಆಗತಾನೇ ಮೂಡಿದ್ದ. ಬಯಲು ಹತ್ತಿರವಾದಂತೆ ಶೈಲಾ ಕಿಟಕಿಯ ಕಡೆಯ ಸೀಟನ್ನು ನನಗೆ ಬಿಟ್ಟು, ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿದಳು. "ನಾ ನೋಡಂಗಿಲ್ಲ" ಎಂದಳು. ನಲವತ್ತು ಕಿಲೋಮೀಟರ್ ವೇಗದ ಬಸ್ಸಿನಿಂದ ನೋಡಿದರೂ ಏನು ಕಂಡೀತು ಎಂದು ನಾನೂ ಅಂದುಕೊಂಡೆ.

ಬಸ್ಸು ನಿಂತಿತು. ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಮುಂದೆ ರಸ್ತೆಯ ತುಂಬ ಕರಿಕುರಿಗಳು, ಮೊಣಕಾಲಿನವರೆಗೆ ತೊಯ್ದ ಕಾಲುಗಳು. ನಡುವೆ ನಾಗಮ್ಮ ಏನೂ ಅವಸರವಿಲ್ಲದೆ ನಿಂತಿದ್ದಳು. ಡ್ರೈವರ್ ತಲೆ ಹೊರಹಾಕಿ, "ಏ ಯವ್ವಾ, ಮುಂಜ್ಮುಂಜಾನೆ ಯಾಕ ಹೈರಾಣ ಮಾಡ್ತಿ? ಬಾಜೂ ಹೊಡಿ" ಎಂದ. ಅವಳು ಅವನ ಕಡೆ ನೋಡಲೇ ಇಲ್ಲ. ಕಿಟಕಿಗಳಲ್ಲಿ ಹುಡುಕಿ, ನನ್ನ ಮುಖ ಸಿಕ್ಕ ಕೂಡಲೇ ಕೋಲನ್ನು ಎತ್ತಿ ಬಯಲಿನ ಕಡೆ ಚಾಚಿದಳು.

ನಾನು ಎಣಿಸಿದೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಎಲ್ಲವೂ ಕಂದು. ಕೋಲು ಇನ್ನೂ ಸ್ವಲ್ಪ ಬಲಕ್ಕೆ ಸರಿಯಿತು. ಅಲ್ಲಿ, ಜಾಲಿಯ ಪಕ್ಕ, ಒಂಟಿಯಾಗಿ ಒಂದು ಕಪ್ಪು ಪ್ರಾಣಿ ತಲೆಯನ್ನು ಪೂರ್ತಿ ನೆಲಕ್ಕೆ ಬಾಗಿಸಿ ಮೇಯುತ್ತಿತ್ತು. ತಲೆ ಎತ್ತಿದಾಗ ಕೊರಳಲ್ಲಿ ಬೆಳ್ಳಿ ಮಿಂಚಿತು.

"ಹದಿನಾಲ್ಕು" ಎಂದೆ.

ಶೈಲಾ ಹಣೆ ಎತ್ತಿ ನನ್ನ ಮೇಲೆ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣೀರು ನನ್ನ ಅಂಗಿಯ ತೋಳಿನ ಮೇಲೆ ಬಿತ್ತು, ಇಬ್ಬರೂ ಒರೆಸಲಿಲ್ಲ. ಆಮೇಲೆ ಕಿಟಕಿಯಿಂದ ಕೈ ಹೊರಹಾಕಿ ನಾಗಮ್ಮನಿಗೆ ಮುಗಿದಳು. ನಾಗಮ್ಮ ಕೋಲು ಕೆಳಗಿಳಿಸಿ ಕುರಿಗಳನ್ನು ರಸ್ತೆಯಿಂದ ಇಳಿಸತೊಡಗಿದಳು.

ಕಂಡಕ್ಟರ್ ಹುಡುಗ ಬಾಗಿಲಲ್ಲಿ ನಿಂತು, "ಎಲ್ಲಾ ದಾಟಿದ್ವೇನ್ರಿ?" ಎಂದು ಯಾರನ್ನೋ ಕೇಳಿದ.

"ನಲವತ್ತೆಂಟೂ ದಾಟಿದ್ವು" ಎಂದೆ ನಾನು. "ರೈಟ್."

ಬಸ್ಸು ಹೊರಟಿತು. ಹಿಂದಿರುಗಿ ನೋಡಿದಾಗ ನಾಗಮ್ಮ ಮಂದೆಯನ್ನು ಬೇಗ ಬೇಗ ಬಲೆಯ ಕಡೆಗೆ ಹೊಡೆಯುತ್ತಿದ್ದಳು. ಇಬ್ಬನಿ ಇನ್ನೂ ಆರಿರಲಿಲ್ಲ.